ಹಗಲು ಪಾಳಿ

“ಷ್, ಮೆಲ್ಲಗೆ!”

ಮಗಳು ಗದರಿದ್ದೇ ತಡ, ಕೆಳಮನೆಯಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ತಂದು ನಡುಮನೆಯಲ್ಲಿ ಎಳೆದೆಳೆದು ಹಾಕುತ್ತಿದ್ದ ಟೈಲರಮ್ಮ, ಕೈಯಲ್ಲಿದ್ದ ಕುರ್ಚಿಯನ್ನು ಗಾಳಿಯಲ್ಲೇ ಎತ್ತಿ ಹಿಡಿದು ನಿಂತುಬಿಟ್ಟಳು. ಆಮೇಲೆ ಮಗಳಿಗೇ ಹೊಳೆಯಿತು. ಒಳಕೋಣೆಯ ಮಂಚದ ಮೇಲೆ ಬಿಳಿ ಹೊದಿಕೆ ಹೊದ್ದು ಅಪ್ಪ ಮಲಗಿರುವುದೇನೋ ನಿಜ. ಆದರೆ ಇನ್ನು ಯಾವ ಸದ್ದಿಗೂ ಅವನಿಗೆ ಎಚ್ಚರವಾಗುವುದಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ಎಳೀಲಿ ಬಿಡೇ,” ಎಂದಳು ತಾಯಿ, ಮಂಚದ ಪಕ್ಕದಿಂದಲೇ. “ನೀನು ಚಿಕ್ಕವಳಿದ್ದಾಗ ಈ ಮನೇಲಿ ಹಗಲು ಹೊತ್ತು ಒಂದು ಚಮಚ ಬೀಳೋ ಹಾಗಿರಲಿಲ್ಲ. ಇವತ್ತು ಆಗಲಿ ಸದ್ದು.”

ಆತ ಪತ್ರಿಕೆಯ ಮುದ್ರಣಾಲಯದಲ್ಲಿ ಮಷಿನ್‌ಮ್ಯಾನ್ ಆಗಿದ್ದ. ಊರು ಮಲಗುವ ಹೊತ್ತಿಗೆ ಹೊರಟು, ಊರು ಏಳುವ ಹೊತ್ತಿಗೆ ಶಾಯಿ ಮೆತ್ತಿದ ಕೈಯಲ್ಲಿ ಮರಳಿ, ಕಿಟಕಿಗೆ ಕಪ್ಪು ಬಟ್ಟೆ ಎಳೆದು ಮಲಗಿಬಿಡುತ್ತಿದ್ದ. ನಾಲ್ಕು ಮಹಡಿಯ ಹಳೆಯ ಕಟ್ಟಡ, ಇವರದು ಮೂರನೆಯದು. ಅಕ್ಕಪಕ್ಕದವರಿಗೆ ಆತನ ಹೆಂಡತಿ ಗೊತ್ತು, ಮಗಳು ಗೊತ್ತು. ಆತ ಮಾತ್ರ ಒಂದು ವದಂತಿಯ ಹಾಗಿದ್ದ. ಕಟ್ಟಡದ ಮಕ್ಕಳು ‘ಗೂಬೆ ಮಾವ’ ಎಂದು ಹೆಸರಿಟ್ಟಿದ್ದರು. ಅದು ಬೈಗುಳವೋ ಅಲ್ಲವೋ ಎಂಬುದು ಮಕ್ಕಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆತನ ಕಿವಿಗೆ ಅದು ಬಿದ್ದಿರಲೂ ಇಲ್ಲ. ಮಷೀನಿನ ಗದ್ದಲದಲ್ಲಿ ಕಿವಿ ಮಂದವಾಗಿತ್ತು, ಮಾತು ಅದಕ್ಕೂ ಮೊದಲೇ ಕಡಿಮೆಯಾಗಿತ್ತು.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಪ್ರೆಸ್ಸಿನ ಹಳೆಯ ಫೋರ್‌ಮನ್ ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಕೆಳಗೆ ಅಷ್ಟು ಜನ ನೋಡಿ, ಬೇರೆ ಯಾರದೋ ಮನೆಗೆ ಬಂದೆ ಅಂದ್ಕೊಂಡು ವಾಪಸ್ ಹೊರಟಿದ್ದೆ ಕಣಮ್ಮ.” ಅವರು ಒಳಗೆ ಬಂದು ಮಂಚದ ಬಳಿ ತುಸು ಹೊತ್ತು ತಲೆ ತಗ್ಗಿಸಿ ನಿಂತು, ಮತ್ತೆ ಮಾತು ಮುಂದುವರಿಸಿದರು. “ಪಾಪ, ಎತ್ತೋಕೆ ನಾಲ್ಕು ಜನ ಆದ್ರೂ ಸಿಗ್ತಾರೋ ಇಲ್ವೋ, ಪ್ರೆಸ್ಸಿನಿಂದ ಯಾರನ್ನಾದ್ರೂ ಕರ್ಕೊಂಡು ಬರಬೇಕಿತ್ತು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ಇಷ್ಟು ಜನರನ್ನ ಎಲ್ಲಿಂದ ಸಂಪಾದಿಸಿದ ಇವನು? ನಮ್ಮ ಜೊತೆ ಒಂದಿನ ಬಾಯಿ ತುಂಬ ಮಾತಾಡಿದವನಲ್ಲ.”

“ಎಲ್ಲಾ ಈ ಮೆಟ್ಟಿಲಿನವರೇ. ರಿಟೈರ್ ಆದ್ಮೇಲೆ ಸಿಕ್ಕಿದವರು,” ಎಂದಳು ತಾಯಿ.

“ಇವನು ರಿಟೈರ್ ಆಗಿದ್ದೂ ಊರಿಗೆಲ್ಲ ಬೀಗ ಬಿದ್ದಿದ್ದೂ ಒಟ್ಟೊಟ್ಟಿಗೇ ಅಲ್ವಾ?”

“ಹೂಂ. ಆವಾಗಲೇ.”

*

ಕೊನೆಯ ಪಾಳಿ ಮುಗಿಸಿ, ಹಗಲು ಎದ್ದಿರುವುದು ಹೇಗೆಂದು ಆತ ಇನ್ನೂ ಕಲಿಯುತ್ತಿದ್ದಾಗಲೇ ಲಾಕ್‌ಡೌನ್ ಬಂತು. ರಸ್ತೆಗಳಿಗೆ ಅಡ್ಡಗಟ್ಟೆ ಬಿದ್ದವು. ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ದಿನಸಿ ಅಂಗಡಿ ತೆರೆಯುತ್ತಿತ್ತು. ಮದುವೆಯಾದಂದಿನಿಂದ ಮನೆಗೆ ಬೇಕಾದ ಸಾಮಾನನ್ನೆಲ್ಲ ತಂದವಳು ಹೆಂಡತಿ, ಅವಳಿಗೆ ಉಬ್ಬಸ. ಬಾಗಿಲಾಚೆ ಕಾಲಿಡಲೇಕೂಡದು ಎಂದು ಡಾಕ್ಟರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

“ನಾನು ಹೋಗ್ತೀನಿ,” ಎಂದ ಆತ.

“ನೀವಾ?”

“ಯಾಕೆ, ಅಂಗಡಿಯವನು ಕಚ್ತಾನಾ?”

ಅಂಗಡಿಯವನು ಕಚ್ಚಲಿಲ್ಲ. ಆದರೆ ಆ ದಿನ ಆತ ಕೊತ್ತಂಬರಿಯ ಬದಲು ಪುದೀನವನ್ನೂ ಅಡುಗೆ ಸೋಡಾದ ಬದಲು ಬಟ್ಟೆ ಸೋಡಾವನ್ನೂ ತಂದ. “ಇದನ್ನ ಹಾಕಿ ಅಡುಗೆ ಮಾಡಿದ್ರೆ ಹೊಟ್ಟೇನ ಒಳಗಿಂದಲೇ ಒಗೆದು ಒಣಗಿಹಾಕಬಹುದು,” ಎಂದು ಆಕೆ ಉಸಿರು ಕಟ್ಟುವಷ್ಟು ನಕ್ಕಳು. ಆತನಿಗೆ ಅವಮಾನವಾಯಿತು. ಮರುದಿನ ಅಂಗಡಿಯ ಮುಂದೆ ಎರಡು ಸೊಪ್ಪಿನ ಕಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದು, ಮಾಸ್ಕನ್ನು ಗದ್ದಕ್ಕಿಳಿಸಿ, ಒಂದೊಂದನ್ನೇ ಮೂಸತೊಡಗಿದ. ಸರದಿಗೆ ಸರದಿಯೇ ಬೊಬ್ಬೆ ಹಾಕಿತು.

“ರೀ ಸ್ವಾಮಿ, ಮೂಗು ಮುಚ್ರೀ!”

“ಯಾರಪ್ಪ ಇವರು, ಯಾವ ಲೋಕದಿಂದ ಇಳಿದು ಬಂದ್ರು?”

ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಾಗಿ, ಮುಟ್ಟದೆ, ಬೆರಳು ತೋರಿಸಿ ಹೇಳಿದಳು. “ಅಣ್ಣ, ಮೂಸಬೇಡಿ, ನೋಡಿ. ಅಂಚು ಗರಗಸದ ಹಾಗಿದೆಯಲ್ಲ, ಅದು ಪುದೀನ. ಕತ್ತರಿ ಆಡಿಸಿದ ಹಾಗೆ ಸೀಳು ಸೀಳಾಗಿದ್ರೆ ಕೊತ್ತಂಬರಿ. ನೀವು ಯಾವ ಮನೆಯವರು?”

ಆತ ತನ್ನ ಕಟ್ಟಡ ತೋರಿಸಿ, “ಮೂರನೇ ಮಹಡಿ,” ಎಂದ.

“ನಾನೂ ಅಲ್ಲೇ ಕೆಳಗಿರೋದು, ಟೈಲರ್! ಅಯ್ಯೋ, ಹಾಗಾದ್ರೆ ಗೂಬೆ ಮಾವ ಅಂದ್ರೆ ನೀವೇನಾ?” ಎಂದವಳು ನಾಲಿಗೆ ಕಚ್ಚಿಕೊಂಡಳು. ಮಾಸ್ಕಿನ ಹಿಂದೆ ಅದು ಆತನಿಗೆ ಕಾಣಲಿಲ್ಲ.

ಮನೆಗೆ ಬಂದವನೇ ಆತ, “ಕಟ್ಟಡದಲ್ಲಿ ನನಗೊಂದು ಹೆಸರಿದೆಯಂತೆ ಕಣೇ,” ಎಂದ. ಅಷ್ಟು ಖುಷಿಯಾಗಿದ್ದ.

ಅಲ್ಲಿಂದ ಶುರುವಾಯಿತು. ಮೇಲಿನ ಮನೆಯಲ್ಲಿ ಒಂಟಿಯಾಗಿದ್ದ ನಿವೃತ್ತ ಮೇಷ್ಟ್ರಿಗೆ ಮಂಡಿನೋವು. ‘ಹೇಗೂ ಹೋಗ್ತೀನಿ, ನಿಮಗೂ ತರ್ತೀನಿ’ ಎಂದ. ಎರಡನೇ ಮಹಡಿಯಲ್ಲಿ ಹಸುಗೂಸನ್ನು ಕಟ್ಟಿಕೊಂಡು ಒಬ್ಬಳೇ ಉಳಿದಿದ್ದ ಬಾಣಂತಿಯ ಗಂಡ ಕೆಲಸಕ್ಕೆಂದು ಹೋದವನು ಪರವೂರಿನಲ್ಲಿ ಸಿಕ್ಕಿಕೊಂಡಿದ್ದ. ಅವಳ ಹಾಲಿನ ಪುಡಿ ಸೇರಿತು. ಹೀಗೆ ಒಂದು ಬಾಗಿಲು ಇನ್ನೊಂದಕ್ಕೆ ಹೇಳಿ, ಆತನ ಎರಡು ಕೈಗೂ ಚೀಲಗಳು ಹೆಚ್ಚುತ್ತಾ ಹೋದವು. ಬಾಗಿಲಿನ ಹಿಡಿಕೆಗೆ ಚೀಲ ತೂಗುಹಾಕಿ, ತಟ್ಟಿ, ಹಿಂದೆ ಸರಿದು ನಿಲ್ಲುತ್ತಿದ್ದ. ಒಳಗಿನವರ ಮುಖ ಕಂಡ ಮೇಲೆಯೇ ಮುಂದಿನ ಮನೆ.

ಮಧ್ಯಾಹ್ನ ಕೈಕಾಲು ತೊಳೆದು ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಕೂಸಿಗೆ ಹಲ್ಲು ಮೂಡುತ್ತಿದೆ. ಟೈಲರಮ್ಮ ಹಳೆಯ ಬಟ್ಟೆಯಲ್ಲಿ ಎಲ್ಲರಿಗೂ ಮಾಸ್ಕ್ ಹೊಲಿಯುತ್ತಿದ್ದಾಳೆ. ಮೇಷ್ಟ್ರು ಸಕ್ಕರೆ ಕಾಯಿಲೆ ಇಟ್ಟುಕೊಂಡು ಕ್ರೀಮ್ ಬಿಸ್ಕತ್ತು ತರಿಸುತ್ತಾರೆ. “ನಾನು ಕ್ರೀಮ್ ಇಲ್ಲದ್ದನ್ನ ತಂದುಕೊಟ್ಟೆ. ಬಾಯಿಗೆ ಬಂದ ಹಾಗೆ ಬೈದ್ರು.” ಬೈಸಿಕೊಂಡದ್ದನ್ನೂ ಬಹುಮಾನದ ಹಾಗೆ ಹೇಳುತ್ತಿದ್ದ. ಸಂಜೆ ಊರಿನ ಇನ್ನೊಂದು ಕೊನೆಯಲ್ಲಿದ್ದ ಮಗಳಿಗೆ ಫೋನು ಮಾಡಿ, ಸೊಪ್ಪು ಬಾಡದಂತೆ ಇಡುವುದು ಹೇಗೆಂದು ಕೇಳುತ್ತಿದ್ದ. ಹೆಂಡತಿಯನ್ನೇ ಕೇಳಬಹುದಿತ್ತು, ಆದರೆ ಆಗ ಮಗಳಿಗೆ ಫೋನು ಮಾಡಲು ನೆಪ ಇರುತ್ತಿರಲಿಲ್ಲ.

*

“ಒಂದೊಂದು ಆಲೂಗಡ್ಡೆನೂ ತಿರುಗಿಸಿ ತಿರುಗಿಸಿ ನೋಡ್ತಿದ್ರು,” ಎಂದರು ಅಂಗಡಿಯವರು. ಶಟರ್ ಎಳೆದು ಬಂದು ಗೋಡೆಗೊರಗಿ ನಿಂತಿದ್ದರು. “‘ಏನಣ್ಣ, ಮದುವೆ ಮಾಡ್ಕೋಬೇಕಾ ಅದನ್ನ’ ಅಂದೆ. ‘ನನಗಲ್ಲಪ್ಪ, ಮೇಷ್ಟ್ರಿಗೆ’ ಅಂದ್ರು. ಸರದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಯಾಕೆ ನಗ್ತಿದ್ದಾರೆ ಅಂತ ಇವರಿಗೆ ಗೊತ್ತಾಗಲೇ ಇಲ್ಲ.”

ನಡುಮನೆಯಲ್ಲಿ ನಗು ಎದ್ದಿತು, ತಕ್ಷಣ ಅಡಗಿತು, ಮಂಚದ ಬಳಿಯಿಂದ ಆಕೆಯೂ ನಕ್ಕದ್ದು ಕೇಳಿ ಮತ್ತೆ ಎದ್ದಿತು.

“ನನ್ನ ಮಗಳು ಮೊದಲು ಆಡಿದ್ದು ‘ಅಮ್ಮ’ ಅಂತ ಅಲ್ಲ,” ಎಂದಳು ಎರಡನೇ ಮಹಡಿಯ ತಾಯಿ. “‘ಟಕ್ ಟಕ್’ ಅಂತ. ಬೆಳಿಗ್ಗೆ ಆದ್ರೆ ಬಾಗಿಲ ಕಡೆ ಕೈ ತೋರಿಸಿ, ಟಕ್ ಟಕ್.”

ಫೋರ್‌ಮನ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. “ನಮ್ಮವನೇನಾ ಇವನು? ಚಾ ಕುಡಿಯೋಕೆ ಕರೆದ್ರೂ ಬರ್ತಿರಲಿಲ್ಲ.”

“ನಾನು ಚಿಕ್ಕವಳಿದ್ದಾಗ ಅಪ್ಪ ಅಂದ್ರೆ ನನಗೆ ಮುಚ್ಚಿದ ಕೋಣೆ ಅಷ್ಟೇ,” ಎಂದಳು ಮಗಳು. ಅವಳ ದನಿಯಲ್ಲಿ ಕಹಿ ಇರಲಿಲ್ಲ. “ನೀವೆಲ್ಲ ಬಾಗಿಲು ತೆಗೆಸಿದ್ರಿ.”

ಅವಳ ತಾಯಿ ಮಂಚದ ಪಕ್ಕದಿಂದ ಎದ್ದು ಬಂದು ನಡುಮನೆಯ ಬಾಗಿಲಲ್ಲಿ ನಿಂತಳು. “ಎಲ್ಲರೂ ಅವರು ಕೊಟ್ಟಿದ್ದನ್ನೇ ಹೇಳ್ತಿದ್ದೀರಿ. ನಮಗೆ ನೀವು ಕೊಟ್ಟಿದ್ದನ್ನ ನಾನೇ ಹೇಳಬೇಕು. ಕೂತ್ಕೊಳ್ಳಿ, ಫೋರ್‌ಮನ್ನರೇ.”

*

ಒಂದು ಸಂಜೆ ಆತನ ಮೈ ಕಾದಿತು. ಮಂಚದ ಅಂಚಿನಲ್ಲಿ ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡ.

“ಎಲ್ಲರ ಚೀಲಾನೂ ಮುಟ್ಟಿದ್ದೀನಿ ಕಣೇ. ಕೂಸಿನ ಹಾಲಿನ ಪುಡಿನೂ.”

ಆಕೆ ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದಳು. “ಯಾರಿಗೂ ಹೇಳಬೇಡಿ. ಪರೀಕ್ಷೆ ಆಗಲಿ ಮೊದಲು. ಬಾಗಿಲು ಹಾಕ್ಕೊಂಡು ಇದ್ದುಬಿಡೋಣ.” ಸೋಂಕು ಬಂದ ಮನೆಯವರನ್ನು ಜನ ದೂರ ಇಟ್ಟ ಸುದ್ದಿಗಳನ್ನು ಆಕೆ ದಿನವೂ ಕೇಳುತ್ತಿದ್ದಳು.

ಆತ ಮಾಸ್ಕ್ ಕಟ್ಟಿಕೊಂಡು, ಬಾಗಿಲು ತೆರೆದು, ಮೆಟ್ಟಿಲ ಕಟಕಟೆ ಹಿಡಿದು ನಿಂತ. ಹುಟ್ಟಿದಾಗಿನಿಂದ ದನಿ ಎತ್ತದವನು ಮೇಲಕ್ಕೂ ಕೆಳಕ್ಕೂ ಕೇಳುವಂತೆ ಕೂಗಿದ.

“ಎಲ್ಲರೂ ಕೇಳಿ! ನನಗೆ ಜ್ವರ ಬಂದಿದೆ! ನಿಮ್ಮ ಸಾಮಾನು ಮುಟ್ಟಿದ್ದು ನಾನೇ! ಎಲ್ಲಾನೂ ತೊಳ್ಕೊಳ್ಳಿ! ಕೂಸಿನ ಮೈ ಮುಟ್ಟಿ ನೋಡ್ತಾ ಇರಮ್ಮ! ತಪ್ಪಾಯ್ತು!”

ಕೂಗು ಕಟ್ಟಡದೊಳಗೆ ಸುತ್ತಿ ಅಡಗಿತು. ಕೆಳಗೆಲ್ಲೋ ಚಿಲಕ ಸರಿದ ಸದ್ದಾಯಿತು, ಮತ್ತೆ ಇನ್ನೊಂದು. ಆತ ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಇಷ್ಟು ದಿನ ದುಡಿದದ್ದಕ್ಕೆ ಸಿಕ್ಕಿದ್ದು ಚಿಲಕದ ಸದ್ದು ಎಂದು ಆಕೆ ಮನಸ್ಸಿನಲ್ಲೇ ಎಲ್ಲರನ್ನೂ ಬೈದುಕೊಂಡಳು.

ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಹಿಡಿಕೆಗೆ ಒಂದು ಚೀಲ ತೂಗುತ್ತಿತ್ತು: ಹಾಲು, ಬ್ರೆಡ್ಡು, ಜ್ವರದ ಮಾತ್ರೆ, ಒಂದು ಕಟ್ಟು ಸೊಪ್ಪು. ನಾಲ್ಕು ಮೆಟ್ಟಿಲು ಕೆಳಗೆ ಟೈಲರಮ್ಮ ನಿಂತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

“ಅಕ್ಕ, ನಿನ್ನೆ ಹೆದರಿಕೆ ಆಯ್ತು. ಏನು ಹೇಳಬೇಕು ಅಂತ ತೋಚದೆ ಬಾಗಿಲು ಹಾಕ್ಕೊಂಡುಬಿಟ್ಟೆ. ಬೇಜಾರು ಮಾಡ್ಕೋಬೇಡಿ. ಅಣ್ಣ ಹೇಗಿದ್ದಾರೆ? ಅದು ಕೊತ್ತಂಬರಿ ಅಂತ ಹೇಳಿ ಅವರಿಗೆ, ಪುದೀನ ಅಲ್ಲ.”

ಆಮೇಲೆ ಆ ಹಿಡಿಕೆ ಖಾಲಿ ಇರಲಿಲ್ಲ. ಎರಡನೇ ಮಹಡಿಯಿಂದ ಬಿಸಿ ಊಟ ಬಂತು. ಆಕೆ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧಿ ಮುಗಿದು, ಕೂತರೂ ನಿಂತರೂ ಉಸಿರು ಹತ್ತದಾದಾಗ, ಅಂಗಡಿಯವರು ವ್ಯಾಪಾರ ಬಿಟ್ಟು ಬೈಕು ಹತ್ತಿದರು. ಹತ್ತಿರದ ಮೆಡಿಕಲ್ ಶಾಪುಗಳಲ್ಲಿ ಸಿಗಲಿಲ್ಲ. ಅಡ್ಡಗಟ್ಟೆ ಅಡ್ಡಗಟ್ಟೆಯಲ್ಲೂ ನಿಂತು, ಬೇಡಿಕೊಂಡು, ಬೈಸಿಕೊಂಡು, ಊರಾಚೆಗೆ ಹೋಗಿ ತಂದರು. ಅದನ್ನು ಹಿಡಿಕೆಗೆ ತೂಗುಹಾಕಿ, ಕೆಳಗಿನ ಮೆಟ್ಟಿಲಲ್ಲಿ ಕುಸಿದು ಕೂತು, ಆಕೆ ಒಮ್ಮೆ ಎಳೆದುಕೊಂಡು ಮಾತಾಡುವವರೆಗೂ ಏಳಲಿಲ್ಲ.

ಕೂಸಿಗೆ ಏನೂ ಆಗಲಿಲ್ಲ. ಆದರೆ ಮೇಷ್ಟ್ರಿಗೆ ಜ್ವರ ಬಂತು. ಆಂಬುಲೆನ್ಸ್ ಅವರನ್ನು ಒಯ್ದ ದಿನ ಆತ ಮಲಗಿದಲ್ಲೇ ದಿಂಬು ಕಚ್ಚಿಕೊಂಡು ಅತ್ತ. ತನ್ನ ಜ್ವರ ಬಿಟ್ಟ ಮೇಲೂ ಊಟ ಸೇರಲಿಲ್ಲ. ವಾರಗಳಾದ ಮೇಲೆ ಮೇಷ್ಟ್ರು ಬಡಕಲಾಗಿ ಮರಳಿದರು. ಆತ ಚೀಲ ಹಿಡಿದು ಅವರ ಬಾಗಿಲವರೆಗೆ ಹೋದ. ಹಿಡಿಕೆಗೆ ಕೈ ಹೋಯಿತು, ತಟ್ಟಲು ಧೈರ್ಯವಾಗಲಿಲ್ಲ. ಹಾಗೇ ನಿಂತಿದ್ದಾಗ ಬಾಗಿಲು ತಾನಾಗಿ ತೆರೆಯಿತು.

“ಕ್ರೀಮ್ ಇರೋದು ತಂದಿದ್ದೀಯಾ, ಇಲ್ಲ ಈ ಸಲವೂ ಒಣಕಲೇನಾ?” ಎಂದರು ಮೇಷ್ಟ್ರು.

*

“ಮೇಷ್ಟ್ರೇ, ನೀವ್ಯಾಕೆ ಇಳಿಯೋಕೆ ಹೋದ್ರಿ?” ಟೈಲರಮ್ಮ ಬಾಗಿಲಿನಿಂದ ಕೂಗಿದಳು.

ಮೇಷ್ಟ್ರು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದು ಬಂದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಒಳಗೆ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಉಸಿರು ತಿರುಗಿದ ಮೇಲೆ ಫೋರ್‌ಮನ್ ಕಡೆ ನೋಡಿ ಹೇಳಿದರು.

“ಆ ಜ್ವರ ಇವನಿಂದ ಬಂತೋ, ಗಾಳಿಯಿಂದ ಬಂತೋ, ನಾನು ಕೇಳಲಿಲ್ಲ. ಇವನು ಮಾತ್ರ ಅದನ್ನೇ ತಲೇಲಿ ಇಟ್ಕೊಂಡಿದ್ದ. ನಾನು ಬದುಕಿ ಬಂದೆ. ಇಷ್ಟು ವರ್ಷ ಇವನ ಜೊತೆ ಜಗಳ ಆಡ್ಕೊಂಡು ಬಿಸ್ಕತ್ತು ತಿಂದೆ. ಇವನು ಬಾಗಿಲು ತಟ್ಟದೆ ಹೋಗಿದ್ರೆ ನಾನು ಒಳಗೇ ಇದ್ದು ಒಳಗೇ ಹೋಗಿರ್ತಿದ್ದೆ.” ಹೊದಿಕೆಯ ಅಂಚನ್ನು ಸರಿಪಡಿಸಿ ಕೈ ತೆಗೆದರು. “ಹೇಳಿಬಿಡಬೇಕಿತ್ತು ಇವನಿಗೆ. ಬರೀ ಬೈದೆ.”

“ಅವರಿಗೆ ಗೊತ್ತಿತ್ತು ಮೇಷ್ಟ್ರೇ,” ಎಂದಳು ಆಕೆ. “ನಿಮ್ಮ ಹತ್ರ ಬೈಸ್ಕೊಂಡು ಬಂದ ದಿನ ಒಂದು ತುತ್ತು ಜಾಸ್ತಿ ಊಟ ಮಾಡೋರು.”

ಕೆಳಗೆ ಶವವಾಹನದ ಹಾರ್ನ್ ಕೇಳಿಸಿತು. ಇಬ್ಬರು ಸ್ಟ್ರೆಚರ್ ಹಿಡಿದು ಮೇಲೆ ಬಂದರು. ಆತನನ್ನು ಮಲಗಿಸಿ, ಪಟ್ಟಿ ಬಿಗಿದು, ಬಾಗಿಲು ದಾಟಿಸಿದರು. ಆದರೆ ಮೆಟ್ಟಿಲು ತಿರುಗುವಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಹಿಂದೆ ಮುಂದೆ ಆಡಿಸಿ ನೋಡಿ, ವಾಹನದವನು ಬೆವರು ಒರೆಸಿಕೊಂಡ.

“ಇಲ್ಲಿ ಆಗಲ್ಲ. ನೇರ ನಿಲ್ಲಿಸಿ ಇಳಿಸಬೇಕು. ಹಾಗೇ ಮಾಡೋದು ನಾವು.”

ಮಗಳು ತಾಯಿಯ ಕಡೆ ನೋಡಿದಳು. ತಾಯಿ ಬೇಡ ಎಂಬಂತೆ ತಲೆಯಾಡಿಸಿದಳು.

“ನಿಲ್ಲಿಸೋದೆಲ್ಲ ಬೇಡ,” ಎಂದಳು ಟೈಲರಮ್ಮ. “ಮಲಗಿದ ಹಾಗೇ ಹೋಗಲಿ ಅಣ್ಣ. ಕಟಕಟೆ ಮೇಲಿಂದ ಕೈಯಿಂದ ಕೈಗೆ ಕೊಡೋಣ. ಎಲ್ಲಾ ಸಾಲಾಗಿ ನಿಂತ್ಕೊಳ್ರೋ!”

ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ. ಕೆಳಗಿನವರು ಮೇಲೇರಿ, ಮೇಲಿನವರು ಕೆಳಗಿಳಿದು ಮೆಟ್ಟಿಲುಗಳ ಎರಡೂ ಬದಿಗೆ ನಿಂತರು. ಅಂಗಡಿಯವರು ಅಂಗಿಯ ತೋಳು ಮೇಲಕ್ಕೆ ಮಡಚಿದರು. ಫೋರ್‌ಮನ್ ತಮ್ಮ ವಯಸ್ಸು ಮರೆತು ಅವರ ಪಕ್ಕ ನಿಂತರು. ಎರಡನೇ ಮಹಡಿಯ ತಾಯಿ ತನ್ನ ಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೊಸ್ತಿಲ ಬಳಿ ನಿಂತಳು. ಮಗಳು ಸ್ಟ್ರೆಚರನ್ನು ತಲೆಯ ಬದಿಯಲ್ಲಿ ಹಿಡಿದು, ಎತ್ತಿ, ಕೆಳಗೆ ಚಾಚಿದ ಕೈಗಳಿಗೆ ಕೊಟ್ಟಳು.

ಆತನ ಹೆಂಡತಿ ಮೂರನೇ ಮಹಡಿಯ ಕಟಕಟೆಗೆ ಒರಗಿ ಕೆಳಗೆ ಬಗ್ಗಿ ನೋಡಿದಳು. ಬಿಳಿ ಹೊದಿಕೆ ಒಂದಿಷ್ಟೂ ಓರೆಯಾಗದೆ, ತಿರುವಿನಲ್ಲಿ ಕಟಕಟೆ ದಾಟಿ, ಒಂದು ಜೋಡಿ ಕೈಯಿಂದ ಇನ್ನೊಂದು ಜೋಡಿಗೆ ಇಳಿಯುತ್ತಾ ಹೋಗುತ್ತಿತ್ತು. ದಾಟಿಸಿದ ಮೇಲೂ ಯಾರೂ ಕೈ ಇಳಿಸಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ, ಬರಿದಾದ ಅಂಗೈಗಳು ಹಾಗೇ ಚಾಚಿಕೊಂಡಿದ್ದವು.