ಮುಚ್ಚಳದ ಅಳತೆ

ಟ್ರ್ಯಾಕ್ಟರಿನಿಂದ ಎರಡನೇ ಉಪ್ಪಿನ ಮೂಟೆ ಇಳಿಯುತ್ತಿದ್ದಂತೆ ಮುನಿರತ್ನಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ನಿಂತಳು. ನಿನ್ನೆಯಿಂದ ಅತ್ತು ದನಿ ಬಿದ್ದಿತ್ತು. ಮಾತು ಮಾತ್ರ ನೆಟ್ಟಗೇ ಬಂತು.

"ಅದ್ನ ವಾಪಸ್ ಏರ್ಸಿ. ಈ ಹೊಲ್ದಲ್ಲಿ ಉಪ್ಪು ಸುರಿಯಂಗಿಲ್ಲ."

ಬೈರಾಪಟ್ಟಣದ ಆ ಹಿಪ್ಪುನೇರಳೆ ಹೊಲದಲ್ಲಿ ಸೇರಿದ್ದವರು ಮುಖ ಮುಖ ನೋಡಿಕೊಂಡರು. ಹೂಳುವಾಗ ಹೆಣದ ಸುತ್ತ ಉಪ್ಪು ತುಂಬುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಬೇಡವೆಂದವರನ್ನು ಯಾರೂ ಕಂಡಿರಲಿಲ್ಲ, ಅದೂ ಕಟ್ಟಿಕೊಂಡ ಹೆಂಡತಿಯೇ ಹಾಗೆನ್ನುವುದನ್ನು.

ಮೈದುನ ಯೋಗಾನಂದ ಹತ್ತಿರ ಬಂದ. ಬದುವಿನಾಚೆಯ ಹೊಲ ಅವನದು. ಅವನದು ಎಲ್ಲದರಲ್ಲೂ ಒಂದು ಕೈ ಹೆಚ್ಚೇ: ಮುದ್ದೆಗೆ ಸಾರು, ಮಾತಿಗೆ ದನಿ, ಬೆಳೆಗೆ ಯೂರಿಯಾ. ಮೂಟೆ ತರಿಸಿದವನೂ ಅವನೇ.

"ಸುಮ್ಕಿರಿ ಅತ್ಗೆ. ಉಪ್ಪಾಕ್ದೆ ಊತ್ರೆ ನಾಯಿ ನರಿ ಕೆದಕ್ತವೆ. ಅಣ್ಣಂಗೆ ಕಮ್ಮಿ ಮಾಡ್ಬುಟ್ರು ಅಂತಾರೆ ಜನ."

"ನಿಮ್ಮಣ್ಣ ಹನ್ನೊಂದು ವರ್ಸ ಕಮ್ಮಿ ಹಾಕೇ ಬಾಳ್ದ. ಇವತ್ತೂ ಕಮ್ಮಿನೇ ಇರ್ಲಿ. ಇಷ್ಟು ಉಪ್ಪು ಬಿದ್ರೆ ಅವ್ನ ಮಣ್ಣು ಕೆಡ್ತದೆ."

*

ಹನ್ನೊಂದು ವರ್ಷದ ಹಿಂದೆ ಅವಳ ಗಂಡ ದೊಡ್ಡಮುನಿಯಪ್ಪನೂ ತಮ್ಮನ ಹಾಗೆಯೇ ಇದ್ದ. ಸೊಪ್ಪು ಕಪ್ಪಗೆ ಬರಲೆಂದು ಚೀಲದ ಬಾಯಿ ಬಿಚ್ಚಿ ಯೂರಿಯಾ ಎರಚಿದ. ಸೊಪ್ಪೇನೋ ಬಂತು, ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು. ಅದನ್ನೇ ರೇಷ್ಮೆಹುಳುಗಳಿಗೆ ಹಾಕಿದರು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳುಗಳು ಆ ನೀರುನೀರು ಸೊಪ್ಪು ತಿಂದು ಮೆತ್ತಗಾಗಿ ತಟ್ಟೆಯಲ್ಲೇ ಬಿದ್ದುಕೊಂಡವು. ಗೂಡು ಕಟ್ಟುವ ಚಂದ್ರಿಕೆಗೆ ಒಂದೂ ಹತ್ತಲಿಲ್ಲ. ಹುಳುಮನೆಯ ನಾತ ವಾರ ಕಳೆದರೂ ಹೋಗಲಿಲ್ಲ.

"ನಾನೇ ಉಣ್ಸಿ ಸಾಯ್ಸ್ದೆ ಕಣಮ್ಮಿ," ಎಂದಿದ್ದ ಅವನು, ಸತ್ತ ಹುಳುಗಳನ್ನು ಬುಟ್ಟಿಬುಟ್ಟಿಯಾಗಿ ಗುಂಡಿಗೆ ಸುರಿಯುತ್ತ.

ಆಮೇಲೆ ಹೊಲದ ಮಣ್ಣನ್ನು ಟವೆಲಿನಲ್ಲಿ ಗಂಟು ಕಟ್ಟಿ ಚನ್ನಪಟ್ಟಣಕ್ಕೆ ಒಯ್ದು ಪರೀಕ್ಷೆಗೆ ಕೊಟ್ಟ. ಬಂದ ಕಾರ್ಡಿನಲ್ಲಿ ಅವನು ಹಾಕುತ್ತಿದ್ದುದರ ಅರ್ಧ ಸಾಕೆಂದು ಬರೆದಿತ್ತು. ಅಂದಿನಿಂದ ಮೊದಲು ಕೊಟ್ಟಿಗೆ ಗೊಬ್ಬರ, ಆಮೇಲೆ ಯೂರಿಯಾ. ಅದನ್ನೂ ಕಾಫಿಪುಡಿ ಡಬ್ಬಿಯ ಮುಚ್ಚಳದಲ್ಲಿ ಅಳೆದು, ಮೇಲೆದ್ದದ್ದನ್ನು ಬೆರಳಿನಿಂದ ಗೀರಿ ಚೀಲಕ್ಕೇ ಬಿಟ್ಟು, ಗಿಡದ ಬುಡದ ಬಳಿ ಹಾಕಿ ಮಣ್ಣು ಮುಚ್ಚುತ್ತಿದ್ದ. ಊರು ಅವನಿಗೆ ಮುಚ್ಚಳದ ಮುನಿಯಪ್ಪ ಎಂದು ಹೆಸರಿಟ್ಟಿತು. ಮೊದಲು ನಕ್ಕವಳು ಮುನಿರತ್ನಮ್ಮನೇ. ಆ ನಗು ಈಗ ಅವಳನ್ನು ಚುಚ್ಚುತ್ತಿತ್ತು.

*

"ಅಮ್ಮ ಹೇಳೋದ್ರಲ್ಲಿ ತಪ್ಪೇನೈತೆ?" ಎಂದ ನಿಯಾಜ್. ರಾಮನಗರದಲ್ಲಿ ಇವರ ಗೂಡು ಕೊಂಡು ರೇಷ್ಮೆ ನೂಲು ತೆಗೆಯುವ ಅವನು ಸಾವಿನ ಸುದ್ದಿ ಕೇಳಿ ಓಡಿಬಂದಿದ್ದ. "ಕಮ್ಮಿ ಹಾಕಿ ಬೆಳ್ದ ಅಣ್ಣಾರ ಗೂಡಾದ್ರೆ ಕೊನೆಗಂಟ ನೂಲು ತುಂಡಾಗ್ತಿರ್ಲಿಲ್ಲ."

"ನೂಲು ಬ್ಯಾರೆ, ಸಾವು ಬ್ಯಾರೆ," ಯೋಗಾನಂದನ ದನಿ ಏರಿತು. "ಇಲ್ಲಿ ಬ್ಯಾಡಾಂದ್ರೆ ಬ್ಯಾಡ. ನಮ್ಮಣ್ಣನ್ನ ನನ್ನ ಹೊಲ್ದಲ್ಲೇ ಊತ್ಕತೀನಿ. ಅಲ್ಲಿ ಎಷ್ಟು ಉಪ್ಪಾಕಿದ್ರೆ ಯಾರು ಕೇಳ್ತಾರೆ?"

ಮುನಿರತ್ನಮ್ಮ ಹೆಣದ ಕಡೆ ತಿರುಗಿದಳು. ಗಂಡ ಬದುಕಿದ್ದು ಈ ಮಣ್ಣಿಗಾಗಿ. ಅವನನ್ನು ಬದು ದಾಟಿಸುವುದೇ? ಆದರೂ ಅವಳು ಅಂಗಲಾಚಲಿಲ್ಲ.

"ಅಗಿ ನೋಡಪ್ಪ," ಎಂದಳು.

ಅಣ್ಣನಿಗೆ ಗುಂಡಿ ತೋಡಿದ್ದವನ ಕೈಯಿಂದ ಯೋಗಾನಂದ ಹಾರೆ ಕಿತ್ತುಕೊಂಡು ಬದು ದಾಟಿದ. ವರ್ಷಗಟ್ಟಲೆ ಬರೀ ಯೂರಿಯಾ ಉಂಡ ಆ ನೆಲದಲ್ಲಿ ಮೊದಲ ಏಟಿಗೆ ಹಾರೆ ಠಣ್ಣೆಂದಿತು. ಎರಡನೆಯದಕ್ಕೆ ಒಂದು ಹೆಂಟೆ ಎದ್ದಿತು. ಇಪ್ಪತ್ತು ಏಟು ಹಾಕಿ ಬೆವರು ಸುರಿಸಿದರೂ ಗೇಣು ಆಳವಾಗಲಿಲ್ಲ. ಈಚೆ ಅಣ್ಣನ ಗುಂಡಿಯ ಬಾಯಲ್ಲಿ ರಾಶಿ ಬಿದ್ದಿದ್ದ ಕರಿಮಣ್ಣಿನಲ್ಲಿ ಎರೆಹುಳುಗಳು ಒಳಕ್ಕೆ ಜಾರಿಕೊಳ್ಳುತ್ತಿದ್ದವು. ಜನ ಎರಡೂ ಕಡೆ ನೋಡಿದರು.

"ಸಾಕು ಬಾಪ್ಪ," ಎಂದು ಅವಳೇ ಕರೆದಳು. "ನರಿ ಭಯ ಇದ್ರೆ ಇಲ್ಲೇ ಇನ್ನೆರ್ಡಡಿ ತೆಗಿ. ಈ ಮಣ್ಣು ಬುಟ್ಕೊಡ್ತದೆ."

ಯೋಗಾನಂದ ತಲೆ ತಗ್ಗಿಸಿಕೊಂಡು ಬಂದು ತಾನೇ ಗುಂಡಿಗಿಳಿದ. ಅಗೆಯುತ್ತ ಅಗೆಯುತ್ತ ಒಮ್ಮೆ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿದ. ಆಮೇಲೆ ಗೊಳೋ ಎಂದು ಅತ್ತ.

ಹೆಣ ಇಳಿಸಿದರು. ಯೋಗಾನಂದ ಮೆಲ್ಲಗೆ ಕೇಳಿದ, "ಸಾಸ್ತ್ರಕ್ಕಾದ್ರೂ ಒಸಿ ಹಾಕಿ ಅತ್ಗೆ."

ಮುನಿರತ್ನಮ್ಮ ಸೆರಗಿನ ಗಂಟು ಬಿಚ್ಚಿದಳು. ನಿನ್ನೆ ಗಿಡಗಳ ಸಾಲಿನ ನಡುವೆ ಎದೆ ಹಿಡಿದು ಕುಸಿದವನ ಅಂಗಿ ಜೇಬಿನಲ್ಲಿ ಸಿಕ್ಕಿದ್ದ ಮುಚ್ಚಳ ಅದರಲ್ಲಿತ್ತು. ಅದನ್ನು ಮೂಟೆಯೊಳಗೆ ಅದ್ದಿ ತೆಗೆದಳು. ಮೇಲೆದ್ದಿದ್ದ ಉಪ್ಪನ್ನು ಬೆರಳಿನಿಂದ ಗೀರಿ ಚೀಲಕ್ಕೇ ಬಿಟ್ಟಳು. ಉಳಿದದ್ದನ್ನು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಅವನ ಪಾದದ ಬಳಿ ಹಾಕಿ, ಮೇಲೆ ಒಂದು ಹಿಡಿ ಮಣ್ಣು ಮುಚ್ಚಿದಳು.