ಎರಡನೆಯ ಹಗ್ಗ

ಎಫೀ ಚರ್ಚಿನ ಬಾಗಿಲಲ್ಲಿ ನಿಂತು ಹಗ್ಗದ ಚೀಟಿಗಳನ್ನು ಹಂಚುತ್ತಿದ್ದಳು. ಅಪ್ಪನ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಎಂಟು ಮಂದಿಯಲ್ಲಿ ಯಾರು ಯಾವ ಹಗ್ಗ ಹಿಡಿಯಬೇಕೆಂದು ಬರೆದ ಪುಟ್ಟ ಚೀಟಿಗಳು ಅವು. ತಲೆಯ ಕಡೆಯ ಒಂದನೆಯದು ಮಗಳಾದ ಅವಳದೇ. ಚಿಕ್ಕಪ್ಪನದು, ಅಪ್ಪನ ಕೈಕೆಳಗೆ ಫುಟ್‌ಬಾಲ್ ಆಡಿದವರದು ಎಲ್ಲ ಕೊಟ್ಟಾಗಿತ್ತು. ಉಳಿದದ್ದು ಎರಡನೆಯದು, ಕಾಲಿನ ಕಡೆಯದು. ಅದರ ಮೇಲೆ ಲಾಕೀ ಪರ್ಡಿಯ ಹೆಸರಿತ್ತು.

"ಅವನು ಬರಲ್ಲ ಬಿಡಮ್ಮ," ಎಂದ ಡಾಡ್. ಒಂದು ಕಾಲದಲ್ಲಿ ಅಪ್ಪನ ಜೊತೆ ಆಡಿ, ಆಮೇಲೆ ತಂಡದ ಮ್ಯಾನೇಜರ್ ಆದ ಅದೇ ಅಪ್ಪನಿಂದ ದಿನಾ ಬೈಸಿಕೊಂಡ ಮುದುಕ. "ಬಂದ್ರೂ ಕೊಡಬೇಡ. ಅವನ ಕೈಗೆ ಹಗ್ಗ ಕೊಡೋದೂ ಒಂದೇ, ಕತ್ತರಿ ಕೊಡೋದೂ ಒಂದೇ."

"ಅಪ್ಪನೇ ಹೇಳಿದ್ದು, ಡಾಡ್ ಮಾಮ."

"ಯಜಮಾನ್ರು ಯಾವತ್ತು ಸರಿಯಾದ ಆಟಗಾರನ್ನ ಇಳಿಸಿದ್ರು ಹೇಳು? ಸೋತ್ಮೇಲೆ ಬೂಟಲ್ಲಿ ಹೊಡೆಸ್ಕೊಳ್ಳೋರು ಮಾತ್ರ ನಾವು."

ಪಕ್ಕದಲ್ಲಿದ್ದವರು ನಕ್ಕರು. ಗೇಟಿನ ಕಡೆ ಕಣ್ಣು ಹೋದದ್ದೇ ಆ ನಗು ತಟಕ್ಕನೆ ನಿಂತಿತು. ದಿಬ್ಬದ ದಾರಿಯಲ್ಲಿ ಲಾಕೀ ಪರ್ಡಿ ಬಲಗಾಲನ್ನು ಎಳೆಯುತ್ತ ಬರುತ್ತಿದ್ದ.

ಚೀಟಿಯನ್ನು ಡಾಡ್‌ನ ಕೈಗಿಟ್ಟುಬಿಟ್ಟರೆ ಯಾರೂ ಎಫೀಯನ್ನು ದೂರುತ್ತಿರಲಿಲ್ಲ. ಅಷ್ಟರಲ್ಲಿ ಲಾಕೀ ಎದುರಿಗೇ ಬಂದು ನಿಂತ. ಅವಳು ಕೈ ಚಾಚಿದಳು.

ಅವನು ಕನ್ನಡಕ ಹಾಕಿಕೊಂಡು ಓದಿದ. "ಕಾಲಿನ ಕಡೆನಾ?"

"ಹೂಂ."

"ಅವನೇ ಆರಿಸಿದ್ನಾ?"

"ಅವರೇ."

ಲಾಕೀ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದ.

*

ಅಪ್ಪನೂ ಲಾಕೀಯೂ ಎದುರಾಬದುರಾಗಿ ಆಡಿದ ಆ ಪಂದ್ಯದ ದಿನ ಎಫೀ ಇನ್ನೂ ಶಾಲೆಯ ಹುಡುಗಿ. ಊರಿಗೆ ಊರೇ ಮೈದಾನದಲ್ಲಿತ್ತು. ಎದುರಾಳಿ ತಂಡದ ಲಾಕೀ ಮುಂದಿನ ತಿಂಗಳು ಇಂಗ್ಲೆಂಡಿನ ದೊಡ್ಡ ಕ್ಲಬ್ಬಿಗೆ ಹೋಗುವವನಿದ್ದ. ಅಪ್ಪ, ಅಂದರೆ ಮುಂಗೋ ಹಾರ್ಕ್ನೆಸ್, ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡ ಮನುಷ್ಯ, ಅವನ ಮೇಲೆ ಎರಡೂ ಕಾಲೆತ್ತಿ ಹಾರಿದ. ಲಾಕೀಯ ಬಲಗಾಲಿನ ಮೂಳೆ ಮುರಿದ ಸದ್ದು ಎಫೀ ಕುಳಿತಲ್ಲಿಗೂ ಕೇಳಿಸಿತು. ಮನೆಗೆ ಬಂದ ಅಪ್ಪ ಸೂಪಿಗೆ ಬ್ರೆಡ್ಡು ಅದ್ದುತ್ತ, "ಚೆಂಡು ಅಲ್ಲೇ ಇತ್ತು, ಹಾರಿದ್ದು ಅದಕ್ಕೇ," ಎಂದ. ಲಾಕೀ ಇಂಗ್ಲೆಂಡಿಗೆ ಹೋಗಲಿಲ್ಲ, ಆಮೇಲೆ ಆ ಹೆಸರು ಆ ಮನೆಯಲ್ಲಿ ಬರಲಿಲ್ಲ.

ಅಪ್ಪ ಆಟ ಬಿಟ್ಟು ತಂಡದ ಮ್ಯಾನೇಜರ್ ಆದಮೇಲಂತೂ ಪಂದ್ಯವಿರುವ ಶನಿವಾರದ ಸಂಜೆ ಎಂದರೆ ಮನೆಯಲ್ಲಿ ನಡುಕ. ರೇಡಿಯೋ ಸೋಲು ಎಂದರೆ ಸಾಕು, ಅಮ್ಮ ಪಿಂಗಾಣಿ ತಟ್ಟೆಗಳನ್ನು ಎತ್ತಿಟ್ಟು ತಗಡಿನವನ್ನು ಹಾಕುತ್ತಿದ್ದಳು. ಗೇಟು ಕಿರುಗುಟ್ಟಿದ ರೀತಿಯಲ್ಲೇ ಎಫೀಗೆ ಆ ರಾತ್ರಿ ಹೇಗಿರುತ್ತದೆಂದು ಗೊತ್ತಾಗುತ್ತಿತ್ತು. ಅವಳು ಅಪ್ಪನನ್ನು ಪ್ರೀತಿಸುತ್ತಿದ್ದಳು. ಹೆದರುತ್ತಿದ್ದದ್ದು ಅದಕ್ಕಿಂತ ಹೆಚ್ಚು.

ಆ ಅಪ್ಪ ಕಳೆದ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳ ತೋಳು ಹಿಡಿದುಕೊಂಡಿದ್ದ. "ಎರಡನೇ ಹಗ್ಗ ಪರ್ಡಿಗೆ ಕೊಡು."

"ಬೇಕಂತಲೇ ಬಿಟ್ಟುಬಿಟ್ರೆ ಅಪ್ಪ?"

"ಬಿಡ್ಲಿ. ಚೆಂಡು ಅಲ್ಲಿರಲಿಲ್ಲ ಮಗಳೇ. ನಾನು ನೋಡಿದ್ದೆ, ಇರಲಿಲ್ಲ." ಅಪ್ಪನ ಮುಖದಲ್ಲಿ ಹೆದರಿಕೆಯನ್ನು ಅವಳು ನೋಡಿದ್ದು ಅದೇ ಮೊದಲು.

*

ಸ್ಮಶಾನದಲ್ಲಿ ಗಾಳಿ ಬಲವಾಗಿತ್ತು. ಎಂಟೂ ಜನ ಗುಂಡಿಯ ಸುತ್ತ ನಿಂತರು. ಎಫೀಯ ನೇರ ಎದುರಿಗೆ ಲಾಕೀ. ಗುಂಡಿಯ ಮೇಲೆ ಪೆಟ್ಟಿಗೆಯನ್ನು ಹೊತ್ತಿದ್ದ ಹಲಗೆಗಳನ್ನು ಎಳೆದಾಗ ಭಾರವೆಲ್ಲ ಕೈಗೆ ಬಂತು. ಈಗ ಅವನು ಬೆರಳು ಸಡಿಲಿಸಿದರೆ ಸಾಕು, ಊರ ಕಣ್ಣೆದುರೇ ಅಪ್ಪ ಕಾಲು ಮುಂದಾಗಿ ಜಾರಿ ಬೀಳುತ್ತಾನೆ. ಈ ಊರು ಗೆದ್ದ ಟ್ರೋಫಿಯನ್ನು ಮರೆತೀತು, ಬಿದ್ದ ಪೆಟ್ಟಿಗೆಯನ್ನು ಮೊಮ್ಮಕ್ಕಳ ಕಾಲಕ್ಕೂ ಮರೆಯದು.

"ನಿಧಾನಕ್ಕೆ ಬಿಡ್ತಾ ಹೋಗಿ," ಎಂದ ಅಂತ್ಯಸಂಸ್ಕಾರ ನಡೆಸುವವನು.

ಹಗ್ಗ ಅಂಗೈಯಲ್ಲಿ ಜಾರತೊಡಗಿತು. ಅರ್ಧ ಇಳಿದಾಗ ಕಾಲಿನ ಕಡೆ ಪೆಟ್ಟಿಗೆ ಜಗ್ಗಿ ವಾಲಿತು. ಯಾರೋ ಹೆಂಗಸು "ಅಯ್ಯೋ ದೇವರೇ" ಎಂದಳು. ಡಾಡ್ ಹಲ್ಲು ಕಚ್ಚಿ, "ಹೇಳಿರ್ಲಿಲ್ವಾ ನಾನು," ಎಂದ. ಎಫೀ ಕಣ್ಣು ಮುಚ್ಚಿಕೊಂಡಳು. ಬೀಳುವ ಸದ್ದಿಗೆ ಕಾದಳು.

ಸದ್ದು ಬರಲಿಲ್ಲ. ಕಣ್ಣು ತೆರೆದಾಗ ಪೆಟ್ಟಿಗೆ ಸಮವಾಗಿ ಇಳಿಯುತ್ತಿತ್ತು. ಲಾಕೀ ಮಾತ್ರ ಗುಂಡಿಯ ಕಡೆ ಬಾಗಿ ನಿಂತಿದ್ದ, ಮುಖ ಬಿಳುಚಿಕೊಂಡಿತ್ತು.

ಪೆಟ್ಟಿಗೆ ನೆಲ ಮುಟ್ಟಿತು. ಪದ್ಧತಿಯಂತೆ ಒಬ್ಬೊಬ್ಬರೂ ತಮ್ಮ ಹಗ್ಗದ ತುದಿಯನ್ನು ಒಳಗೆ ಬಿಟ್ಟರು. ಎಫೀ ತನ್ನದನ್ನೂ ಬಿಟ್ಟಳು. ಲಾಕೀ ಬಿಡಲಿಲ್ಲ. ಪಾದ್ರಿ ಕೆಮ್ಮಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಫೀ ಗುಂಡಿಯನ್ನು ಸುತ್ತಿಕೊಂಡು ಅವನ ಬಳಿ ಹೋದಳು. ಹೋದಾಗ ಕಂಡಿತು. ಅವನು ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ಬೆರಳುಗಳು ನೀಲಿಗಟ್ಟಿದ್ದವು.

"ಕೈ ನಡುಗುತ್ತಮ್ಮ ನಂಗೆ ಈಗೀಗ," ಎಂದ ಅವನು, ಅವಳಿಗೆ ಮಾತ್ರ ಕೇಳುವಂತೆ. "ಚರ್ಚಲ್ಲಿ ಕೂತಾಗಿಂದ ಅದೇ ಭಯ. ಜಾರಿಹೋದ್ರೆ, ಬೇಕಂತ್ಲೇ ಬಿಟ್ಟ ಅಂತಾರಲ್ಲ ಎಲ್ಲಾರೂ. ಅರ್ಧದಲ್ಲಿ ಜಾರ್ತು, ಸುತ್ಕೊಂಡ್ಬಿಟ್ಟೆ."

ಅವಳು ಅವನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಒಂದೊಂದೇ ಸುತ್ತು ಬಿಚ್ಚಿದಳು. ಕೊನೆಯ ಸುತ್ತು ಬಿಟ್ಟಾಗ ಹಗ್ಗವನ್ನು ತಾನೇ ಒಳಗೆ ಹಾಕಲು ಹೋದಳು. ಲಾಕೀ ಬೇಡವೆಂದು ತಲೆಯಾಡಿಸಿ ಅದನ್ನು ಅವಳಿಂದ ತೆಗೆದುಕೊಂಡ. ಮಡಚಲಾಗದ ಬಲಗಾಲನ್ನು ಕೆಸರಿನಲ್ಲಿ ಪಕ್ಕಕ್ಕೆ ಚಾಚಿ, ಅವಳ ಭುಜ ಹಿಡಿದು ನೆಲಕ್ಕೆ ಕುಳಿತ. ಆಮೇಲೆ ತೋಳು ಚಾಚುವಷ್ಟೂ ಚಾಚಿ, ಹಗ್ಗದ ತುದಿಯನ್ನು ಮುಂಗೋನ ಪೆಟ್ಟಿಗೆಯ ಮೇಲೆ ಸದ್ದಾಗದಂತೆ ಇಳಿಬಿಟ್ಟ.