ಬೆಂಚ್ ಮೇಷ್ಟ್ರಿಗೆ ಬಂದ ಜನ

ನೂರ ನಲವತ್ತಾರರವರೆಗೆ ತಲೆ ಎಣಿಸಿದಾಗ ಯಾರೋ ಅಡ್ಡ ಬಂದು ರ್‍ಯಾಂಕ್ ಮೇಷ್ಟ್ರ ಲೆಕ್ಕ ತಪ್ಪಿತು. ಹಾಳಾಗಿ ಹೋಗಲಿ ಎಂದು ಕಿಟಕಿಯಿಂದ ಈಚೆ ತಿರುಗಿದರು. ಕಾಲೇಜಿನ ಸಭಾಂಗಣದಲ್ಲಿ ಶವಪೆಟ್ಟಿಗೆ ಇಟ್ಟಿದ್ದರು. ಅಲ್ಲಿಂದ ಶುರುವಾದ ಸಾಲು ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ ಗೇಟಿನ ಹೊರಗೆ ಹೋಗಿತ್ತು. ಎಲ್ಲ ಹಳೆಯ ವಿದ್ಯಾರ್ಥಿಗಳು. ಅವರಲ್ಲಿ ಅರ್ಧ ಜನಕ್ಕೆ ಇವರೂ ಗಣಿತ ಹೇಳಿಕೊಟ್ಟಿದ್ದರು. ಒಬ್ಬರಾದರೂ ತಿರುಗಿ ನೋಡಬೇಡವೇ? ಚಿನ್ನದ ಪದಕ ತೆಗೆದುಕೊಂಡವರು ಇವರು. ಪೆಟ್ಟಿಗೆಯಲ್ಲಿ ಮಲಗಿದ್ದವನು ಎರಡನೇ ದರ್ಜೆಯಲ್ಲಿ ಪಾಸಾಗಿ, ಮೂವತ್ತು ವರ್ಷ ಕೊನೆಯ ಬೆಂಚಿನಲ್ಲಿ ಹುಡುಗರ ಪಕ್ಕ ಕೂತು ಪಾಠ ಹೇಳಿ ಬೆಂಚ್ ಮೇಷ್ಟ್ರು ಅನ್ನಿಸಿಕೊಂಡವನು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ಇವರಿಗೂ ಗೊತ್ತಿತ್ತು. ಆದರೂ ಉರಿಯುತ್ತಿತ್ತು.

"ಹತ್ತು ಜನ ಇದ್ರೆ ಹತ್ತು ಥರ ಹೇಳ್ಕೊಡ್ತಿದ್ರು ಕಣ್ರೀ," ಎಂದ ಸಾಲಿನಲ್ಲಿದ್ದ ಬಸ್ ಡ್ರೈವರ್. "ನಂಗೆ ಬಸ್ಸಿನ ಬ್ರೇಕ್ ಉದಾಹರಣೆ ಇಟ್ಕೊಂಡೇ ಇಡೀ ಗಣಿತದ ಪುಸ್ತಕ ಮುಗಿಸಿದ್ರು."

ತಲೆಗೊಂದು ಪಾಠವಂತೆ! ರ್‍ಯಾಂಕ್ ಮೇಷ್ಟ್ರು ಹಲ್ಲು ಕಚ್ಚಿದರು.

*

ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಕಾಲೇಜು ಬಿಡುವ ಅರ್ಜಿ ತಂದಿದ್ದಳು. ರ್‍ಯಾಂಕ್ ಮೇಷ್ಟ್ರು ತಲೆ ಎತ್ತದೆ ಸಹಿ ಹಾಕಿದರು.

"ಗಣಿತ ಎಲ್ಲರ ತಲೆಗೂ ಹತ್ತೋದಲ್ಲ. ಹೋಗು."

ಪಕ್ಕದ ಮೇಜಿನಿಂದ ಬೆಂಚ್ ಮೇಷ್ಟ್ರು ಎದ್ದರು. "ಸಾಯಂಕಾಲ ಎಲ್ಲಿ ಕೆಲಸಕ್ಕೆ ಹೋಗ್ತೀಯಮ್ಮ?"

"ಹೊಲಿಗೆ ಅಂಗಡಿಗೆ, ಸರ್."

"ಹಾಗಾದ್ರೆ ಹೇಳು. ಇಷ್ಟೇ ಬಟ್ಟೆ ಇದೆ. ಚೂರೂ ದಂಡ ಆಗದ ಹಾಗೆ ಹೇಗೆ ಕತ್ತರಿಸ್ತೀಯ?"

ಅವಳು ಅರ್ಜಿಯ ಹಿಂಬದಿಯಲ್ಲೇ ಗೆರೆ ಎಳೆಯತೊಡಗಿದಳು. ಇಬ್ಬರೂ ಮಾತಾಡುತ್ತಾ ಹೊರಗೆ ಹೋದರು. ಗಣಿತವನ್ನು ಬೀದಿಗೆ ತಂದ ಎಂದು ರ್‍ಯಾಂಕ್ ಮೇಷ್ಟ್ರು ಅಂದೇ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು.

*

ಹೂವಿಟ್ಟು ಬಂದ ಹೆಂಗಸೊಬ್ಬಳು ನೇರ ಇವರ ಮುಂದೆ ನಿಂತಳು.

"ಸರ್, ಹೊಲಿಗೆ ಅಂಗಡಿ ಹುಡುಗಿ ನಾನು. ಈಗ ಎಂಜಿನಿಯರ್. ನಿಮ್ಮನ್ನೇ ಹುಡುಕ್ತಿದ್ದೆ."

"ನನ್ನನ್ನಾ?"

"ನೀವು ಸಹಿ ಹಾಕಿದ್ದು ಕೋಪಕ್ಕಂತೆ. ಆಮೇಲೆ ನೀವೇ ಹೋಗಿ, ಆ ಹುಡುಗೀನ ಹೇಗಾದ್ರೂ ಉಳಿಸಿಕೋ ಅಂತ ಬೆಂಚ್ ಮೇಷ್ಟ್ರ ಕೈ ಹಿಡ್ಕೊಂಡ್ರಂತೆ. ಅವರೇ ಹೇಳಿದ್ರು. ಅದನ್ನ ಕೇಳಿಯೇ ನಾನು ಉಳಿದದ್ದು, ಸರ್."

"ಅರೆ, ನಂಗೂ ಹಾಗೇ ಹೇಳಿದ್ರು!" ಎಂದು ಡ್ರೈವರ್ ಸಾಲು ಬಿಟ್ಟು ಬಂದ. ಅವನ ಹಿಂದೆ ಇನ್ನಿಬ್ಬರು ಬಂದರು.

ರ್‍ಯಾಂಕ್ ಮೇಷ್ಟ್ರು ಯಾರ ಕೈಯನ್ನೂ ಹಿಡಿದಿರಲಿಲ್ಲ. ಕೊನೆಗೂ ನಾಲ್ಕು ಜನ ತಮ್ಮತ್ತ ತಿರುಗಿದರು, ಅದೂ ಆ ಪುಣ್ಯಾತ್ಮ ಹಾಕಿದ ಭಿಕ್ಷೆ! ಸುಳ್ಳು ಎಂದು ಕೂಗಬೇಕೆನಿಸಿತು. ಆದರೆ ಎದುರು ನಿಂತವಳ ಕಣ್ಣು ತುಂಬಿತ್ತು, ಅಂಥ ಕಣ್ಣಿನಿಂದ ಇವರನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ಹೌದಮ್ಮ," ಎಂದರು. "ನಾನೇ ಹೇಳಿದ್ದೆ."

ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಬೆಂಚ್ ಮೇಷ್ಟ್ರ ಹೆಂಡತಿ ಆ ಮಾತಿಗೆ ತಲೆ ಎತ್ತಿದರು. ಗಂಡ ಕಟ್ಟಿದ ಸುಳ್ಳು ಆಕೆಗೆ ಗೊತ್ತೆಂದು ಆ ನೋಟದಲ್ಲೇ ಇವರಿಗೆ ತಿಳಿಯಿತು. ಆಕೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಬನ್ನಿ, ಕೂತ್ಕೊಳ್ಳಿ."

ಇವರು ಎರಡೂ ಕೈಯಿಂದ ಆ ಕುರ್ಚಿಯ ಬೆನ್ನನ್ನು ಹಿಡಿದು, ನಿಂತೇ ಇದ್ದರು.